ಐದೂವರಿ ಬಸ್ಸು

ಕೂಡ್ರಿ, ಕೂಡ್ರಿ. ನಾ ಏನು ಡಿಸಿ ಅಲ್ಲ.
ಚಿತ್ತಾಪುರದ ಲೈಬ್ರರಿಗೆ ಎರಡು ಫ್ಯಾನು,
ತಿರಗೂದು ಒಂದ; ಅದರ ಕೆಳಗ, ತಂಪು ಫರಸಿ ಮ್ಯಾಲ
ಹನ್ನೊಂದು ಮಂದಿ, ಒಂದು ಬುಟ್ಟಿ ಸೂಸ್ಲಾ,
ಎಣ್ಣಿ ಹತ್ತಿದ ಬೆರಳಿನ್ಯಾಗ ನನ್ನ ಕಾದಂಬರಿ.
ಒರಸಬ್ಯಾಡ್ರಿ. ಮಿರ್ಚಿ ಕಲಿ ಬಿದ್ದ ಪುಟ
ಯಾರೋ ಓದ್ಯಾರ ಅನ್ನೂದಕ ರಸೀದಿ.

"ಹ್ಯಾಂಗ ಬರೀತೀರಿ?" ಮೊದಲ ಕೇಳಿದವರು
ಗುಂಡೇರಾವ ಮಾಸ್ತರು, ಪೆನ್ನಿನ ಟೊಪಗಿ ಬಿಚ್ಚಿ,
ಉತ್ತರ ಬರಕೊಳ್ಳಲಾಕ ತಯಾರಾಗಿ.
ಏನು ಹೇಳಲಿ ಮಾಸ್ತರೆ?
ಇಪ್ಪತ್ತಾರು ವರ್ಷ ದಾಲ್ ಮಿಲ್ಲಿನ ಕಾಟಾದ ಮುಂದ
ತೊಗರಿ ತೂಕ ಬರದಾಕಿ ನಾ.
ಚೀಲ ಏರಿತು, ಮುಳ್ಳು ನಡುಗಿತು, ನಿಂತಿತು,
ಖಾಲಿ ಚೀಲದ ತೂಕ ಕಳದು ಉಳದದ್ದು ಬರಿ.
ಅಷ್ಟ ಕೆಲಸ. ತಪ್ಪಿದರ ಹಮಾಲ ಭೀಮಶ್ಯಾ ಬೈತಿದ್ದ.
ಈಗ ಒಂದು ವಾಕ್ಯ ಏರಸ್ತೀನಿ,
ಕಾಳು ಎಷ್ಟು, ಚೀಲ ಎಷ್ಟು
ತಿಳೀವಲ್ದು.
ಬೈಯಲಾಕ ಭೀಮಶ್ಯಾನೂ ಇಲ್ಲ.

ಒಂಬತ್ತನೇ ಅಧ್ಯಾಯದಾಗ ಒಬ್ಬಂವ ಬಾಗಿಲಿಗೆ ಬಂದು ನಿಂತ.
ಒಳಗ ಬಾ ಅಂತ ಬರದೆ, ಹೊಡದು ಹಾಕಿದೆ.
ಹೋಗು ಅಂತ ಬರದೆ, ಅದೂ ಸುಳ್ಳು.
ಎರಡು ಬ್ಯಾಸಗಿ ಅಂವ ಹೊಸ್ತಿಲದಾಗ ನಿಂತಿದ್ದ,
ಚಪ್ಪಲಿ ಬಿಡಲೋ ಬ್ಯಾಡೋ ಅನಕೋತ.
ಆಕಿ ಇಟ್ಟ ಚಾ ಆರಿತು. ನಾ ಕಾಸಿದೆ. ಮತ್ತ ಆರಿತು.
ಮನ್ಯಾಗ ತಂಗಿ ಜಗದೇವಿ ದಿನಾ ಕೇಳ್ತಿದ್ದಳು
"ಬಂದನೇನ ಒಳಗ?"
ಬೀಗರ ಸುದ್ದಿ ಕೇಳಿದಂಗ.
ಒಂದು ರಾತ್ರಿ ಕರೆಂಟ್ ಹೋತು. ದೀಪ ಹಚ್ಚೂದ್ರಾಗ
ತಾನ ಬಂದು ಕುಂತಿದ್ದ.
ಹ್ಯಾಂಗ ಅಂತ ನನಗೂ ಗೊತ್ತಿಲ್ಲ.

ಮೆಚ್ಚಿನ ಪುಸ್ತಕ? ಹೇಳಿದರ ನಗಬ್ಯಾಡ್ರಿ.
ಕಲಬುರಗಿ ಗಂಜಿನ ಹಿಂದ, ರದ್ದಿ ಅಂಗಡ್ಯಾಗ
ಕಿಲೋಕ್ಕ ನಾಕು ರೂಪಾಯಿ ಇದ್ದಾಗ ಸಿಕ್ಕಿದ್ದು.
ರಟ್ಟಿಲ್ಲ, ಹೆಸರಿಲ್ಲ, ಬರದವರು ಯಾರೋ.
ಅದರಾಗ ಒಬ್ಬಾಕಿ ಬಳಿ ತೊಡಿಸ್ತಾಳ,
ಎಣಿಸೂದು ತಪ್ಪತಾಳ, ಬೇಕಂತನ,
ಬಡವರ ಕೈಗೆ ಒಂದು ಹೆಚ್ಚ.
ಇಷ್ಟ ಕತಿ. ಹತ್ತೊಂಬತ್ತು ಸಲ ಓದೀನಿ.
ದೊಡ್ಡ ದೊಡ್ಡ ಪುಸ್ತಕಕ್ಕ ಹೋಗಿ ದಣದು ಬಂದು
ಆಕಿ ಮುಂದ ಕೈ ಚಾಚಿ ಕೂಡ್ತೀನಿ.

ಕಿಡಕಿ ಕಡಿ ಕುಂತಿದ್ದ ತಹನಿಯತ್, ಪಿಯುಸಿ ಹುಡುಗಿ, ಎದ್ದಳು:
"ನಾ ಮೊದಲ ಕೊನಿ ಪುಟ ಓದ್ತೀನಿ ಆಂಟಿ.
ಯಾರು ಸಾಯ್ತಾರ ಅಂತ ನೋಡಿ ಇಟ್ಕೊಂಡು
ಶುರುದಿಂದ ಅವರ ಜೋಡಿ ಜರಾ ಸಾವಕಾಶ ಇರ್ತೀನಿ."
ಮಾಸ್ತರು ಬರಕೊಂಡರು. ನಾನೂ.

ಆಮ್ಯಾಲ ಅಂಬಾರಾಯ. ಕಂಡಕ್ಟರು, ರಿಟೈರಾಗಿ ಮೂರು ವರ್ಷ,
ಕಿವಿ ಮ್ಯಾಲ ಇನ್ನೂ ಸೀಸಕಡ್ಡಿ.
ನೂರಾ ಹನ್ನೆರಡನೇ ಪುಟ ತೆಗದ.
"ತಪ್ಪದ ರೀ ಬಾಯಾರೆ. ಸೇಡಮ್ ಬಸ್ಸು ಆರಕ್ಕ ಬಿಡಂಗಿಲ್ಲ.
ಐದೂವರಿ. ಆ ರೂಟಿನ್ಯಾಗ ಹದಿನಾಲ್ಕು ವರ್ಷ ನಾನ ಇದ್ದೆ."

ಫ್ಯಾನು ನಿಂತಂಗಾತು.
ಐದೂವರಿ ಆದರ ನೀಲಗಂಗಾಗ ಬಸ್ಸು ಸಿಗಂಗಿಲ್ಲ.
ಸಿಗದಿದ್ದರ ಅಕ್ಕನ ಕಡಿ, ದವಾಖಾನಿಗೆ, ಮುಟ್ಟಂಗಿಲ್ಲ,
ಮುಟ್ಟದಿದ್ದರ ಆ ಮಾತು ಆಗಂಗಿಲ್ಲ,
ಆ ಮಾತಿಲ್ಲದ ಮುಂದಿನ ನೂರಾ ನಲವತ್ತು ಪುಟ
ಬರೀ ಚೀಲ.

ನಾ ಸುಮ್ಮ ಕುಂತೆ. ಅಂಬಾರಾಯ ನನ್ನ ಮಾರಿ ನೋಡಿದ,
ಪುಟ ನೋಡಿದ, ಗಡಿಯಾರ ಇಲ್ಲದ ಗ್ವಾಡಿ ನೋಡಿದ.
ಚಿಲ್ಲರಿ ಇಲ್ಲದಾಕಿಗೆ ಟಿಕೇಟ್ ಹರದು ಕೊಡೂವಂಗ
ಸಣ್ಣ ದನಿಲೆ ಅಂದ:
"ಅವತ್ತು ಟೈರ್ ಕುಂತಿತ್ತು ಅನ್ರಿ.
ಸ್ಟೆಪ್ನಿ ಹಾಕಲಾಕ ಅರ್ಧ ತಾಸು.
ನಾ ಇದ್ದೆನಲ್ಲ ಆ ಬಸ್ಸಿನ್ಯಾಗ,
ನೆನಪದ ನನಗ, ಆಕಿ ಓಡಿ ಬಂದದ್ದು."

ಅಂದು, ಅಂಚಿಗೆ ತಾನ ಎಳದಿದ್ದ ಸೀಸಕಡ್ಡಿ ಗೀಟು
ಹೆಬ್ಬೆರಳಿಲೆ ತಿಕ್ಕಲಾಕ ಹತ್ತಿದ.
ಪೂರಾ ಹೋಗಲಿಲ್ಲ.